ಹಿಮಾಲಯನ್‌ಗೆ ಫಾಗ್ ಲೈಟ್: ಹಾಕಿದ್ದು, ಬಿಚ್ಚಿದ್ದು, ಮತ್ತೆ ಹಾಕಿದ್ದು

ನನ್ನದು 2019ರ ರಾಯಲ್ ಎನ್‌ಫೀಲ್ಡ್ ಹಿಮಾಲಯನ್, 411 ಸಿಸಿಯದು. ಊರು ಕೊಟ್ಟಿಗೆಹಾರದ ಹತ್ತಿರ, ಕೆಲಸ ಬೆಂಗಳೂರಿನಲ್ಲಿ. ತಿಂಗಳಿಗೊಂದು ಸಲ ಶುಕ್ರವಾರ ಆಫೀಸು ಮುಗಿಸಿ ಹೊರಡುತ್ತೇನೆ. ಹಾಸನ, ಬೇಲೂರು ದಾಟಿ ಮೂಡಿಗೆರೆ ಮುಟ್ಟುವಾಗ ರಾತ್ರಿ ಹನ್ನೊಂದು ಮೀರಿರುತ್ತದೆ. ಬೇಲೂರಿನವರೆಗೆ ಬೈಕಿನ ಹೆಡ್‌ಲೈಟ್ ಮೇಲೆ ನನ್ನ ದೂರೇನೂ ಇಲ್ಲ. ಅಲ್ಲಿಂದಾಚೆ ಮಳೆಗಾಲದಲ್ಲಿ ಮಂಜು ಇಳಿದರೆ ರಸ್ತೆ ಎಲ್ಲಿ, ಚರಂಡಿ ಎಲ್ಲಿ ಅಂತ ಗೊತ್ತಾಗುವುದಿಲ್ಲ.

ಇನ್ನೊಂದು ತೊಂದರೆ ಈ ಬೈಕಿನದೇ. ಹೆಡ್‌ಲೈಟ್ ಕೂತಿರುವುದು ಫ್ರೇಮಿನ ಮೇಲೆ, ಹ್ಯಾಂಡಲ್ ಮೇಲಲ್ಲ. ಘಾಟಿಯ ಹೇರ್‌ಪಿನ್‌ನಲ್ಲಿ ನಿಧಾನಕ್ಕೆ ಹ್ಯಾಂಡಲ್ ಪೂರ್ತಿ ತಿರುಗಿಸಿದರೂ ಬೆಳಕು ಮಾತ್ರ ನೇರಕ್ಕೆ, ಕಣಿವೆ ಕಡೆಗೇ ನೋಡುತ್ತಿರುತ್ತದೆ. ಚಾರ್ಮಾಡಿಯಲ್ಲಿ ಇಳಿದವರಿಗೆ ಇದರ ಅನುಭವ ಇದ್ದೇ ಇರುತ್ತದೆ.

ಹಾಗಾಗಿ ಈ ಮಳೆಗಾಲಕ್ಕೆ ಮುಂಚೆ ಲೈಟ್ ಹಾಕಿಸಲೇಬೇಕು ಅಂತ ಕೂತೆ.

ಮೇ ಕೊನೆಯ ವಾರ

ಮಾಡಿದ ಮೊದಲ ತಪ್ಪು, ಸುಮ್ನೆ ಅಂಗಡಿಗೆ ಹೋಗಿ "ಪವರ್‌ಫುಲ್ ಇರೋದು ಕೊಡಿ" ಅಂದದ್ದು. ಬಿಳಿ ಬೆಳಕಿನ ಎರಡು ಸ್ಪಾಟ್ ಲೈಟ್. ಡಬ್ಬಿಯ ಮೇಲೆ 20,000 ಲ್ಯೂಮೆನ್ (ಬೆಳಕಿನ ಅಳತೆ) ಅಂತ ದೊಡ್ಡದಾಗಿ ಬರೆದಿತ್ತು. ಮುಕ್ಕಾಲು ಗಂಟೆಯಲ್ಲಿ ಫಿಟ್ ಮಾಡಿ ಕೊಟ್ಟರು. ಟ್ಯಾಂಕಿನ ಪಕ್ಕದ ಕಂಬಿಗೆ, ಹೆಡ್‌ಲೈಟಿನಷ್ಟೇ ಎತ್ತರದಲ್ಲಿ. ಪಾರ್ಕಿಂಗ್‌ನಲ್ಲಿ ಆನ್ ಮಾಡಿದಾಗ ಎದುರಿನ ಗೋಡೆ ಬೆಳ್ಳಗಾಯಿತು. ನನಗೆ ಸಿನಿಮಾ ಹೀರೋ ಆದಷ್ಟು ಖುಷಿ.

ಆ 20,000 ಲ್ಯೂಮೆನ್ ಕಥೆ ಆಮೇಲೆ ಗೊತ್ತಾಯಿತು. ಮಲ್ಟಿಮೀಟರನ್ನು 10 ಆಂಪ್ ರೇಂಜಿಗಿಟ್ಟು ಒಂದೊಂದೇ ಲೈಟಿನ ಜೊತೆ ಸರಣಿಯಲ್ಲಿ ಜೋಡಿಸಿ ನೋಡಿದೆ. ತಲಾ 1.9 ಆಂಪ್. ಅಂದರೆ ಸುಮಾರು 24 ವಾಟ್. ಎಲ್‌ಇಡಿ ಒಂದು ವಾಟಿಗೆ ಸುಮಾರು 100 ಲ್ಯೂಮೆನ್ ಕೊಡುತ್ತದೆ ಅಂತ ಇಟ್ಟುಕೊಂಡರೂ 2,400 ಆಯಿತು. ಉಳಿದದ್ದೆಲ್ಲ ಡಬ್ಬಿಯ ಮೇಲಷ್ಟೇ ಇತ್ತು. ಹೋಲಿಕೆಗೆ ಹೇಳುವುದಾದರೆ ಬೈಕಿನ ಎಚ್4 ಹ್ಯಾಲೊಜೆನ್ ಬಲ್ಬು 60/55 ವಾಟಿನದು, ಲೋ ಬೀಮಿನಲ್ಲಿ ಕೊಡುವುದು ಸುಮಾರು 1,000 ಲ್ಯೂಮೆನ್. ಹಾಗಾಗಿ 2,400 ಕೂಡ ಕಮ್ಮಿ ಏನಲ್ಲ.

ಜೂನ್ ಎರಡನೇ ವಾರ

ಊರಿಗೆ ಹೊರಟೆ. ಹಾಸನ ದಾಟಿದ ಮೇಲೆ ಮಳೆ. ಬೇಲೂರಿನವರೆಗೂ ಲೈಟು ಅದ್ಭುತ. ಮೂಡಿಗೆರೆ ದಾಟಿ ಸ್ವಲ್ಪ ದೂರ ಹೋಗುತ್ತಲೇ ಮಂಜು. ಸ್ಪಾಟ್ ಲೈಟ್ ಹಾಕಿದೆ. ಮುಂದೆ ಯಾರೋ ಬಿಳಿ ಪಂಚೆ ಒಣಗಲು ಹಾಕಿದ ಹಾಗಾಯಿತು. ರಸ್ತೆಯೂ ಇಲ್ಲ, ಅಂಚಿನ ಬಿಳಿ ಪಟ್ಟಿಯೂ ಇಲ್ಲ. ಆಫ್ ಮಾಡಿದರೆ ಸ್ವಲ್ಪವಾದರೂ ಕಾಣುತ್ತಿತ್ತು! ಐದು ಸಾವಿರದ ಹತ್ತಿರ ಖರ್ಚು ಮಾಡಿ, ಕೊನೆಗೆ ಆಫ್ ಮಾಡಿಕೊಂಡು ಓಡಿಸಿದೆ.

ಅಷ್ಟರಲ್ಲಿ ಹೆಡ್‌ಲೈಟೂ ಮಿಣುಕಲು ಶುರು ಮಾಡಿತು. ಮನೆ ಮುಟ್ಟಿ ಮಾರನೇ ದಿನ ಬಿಚ್ಚಿ ನೋಡಿದರೆ ಅಂಗಡಿಯವರ ಕೈಚಳಕ ಕಂಡಿತು. ಹೆಡ್‌ಲೈಟ್ ವೈರಿನ ಸಿಪ್ಪೆ ಸುಲಿದು, ಸ್ಪಾಟ್ ಲೈಟಿನ ವೈರ್ ಅದಕ್ಕೇ ಸುತ್ತಿ ಟೇಪ್ ಹಾಕಿದ್ದರು. ಹೆಡ್‌ಲೈಟಿಗೇ 4.6 ಆಂಪ್, ಮೇಲೆ ಇವೆರಡರ 3.8. ಅಷ್ಟೂ ಕರೆಂಟು ಒಂದು ಬಲ್ಬಿಗೆಂದು ಮಾಡಿದ ತೆಳು ವೈರಿನಲ್ಲಿ ಹೋಗಬೇಕಿತ್ತು. ಫ್ಯೂಸ್ ಹೋಗಿ ಎಚ್ಚರಿಸಬೇಕಿತ್ತು ಅಲ್ವಾ? ಅದನ್ನು ತೆಗೆದು 20 ಆಂಪಿನದು ಹಾಕಿದ್ದರು. ಕನೆಕ್ಟರಿನ ಪ್ಲಾಸ್ಟಿಕ್ ಒಂದು ಮೂಲೆಯಲ್ಲಿ ಕರಗಿತ್ತು. ಆವತ್ತು ಕೆಟ್ಟದ್ದು ಹೆಡ್‌ಲೈಟ್ ಒಂದೇ, ಬೈಕಿಗೆ ಬೆಂಕಿ ಹತ್ತಲಿಲ್ಲ.

ನಾನು ಜಗಲಿಯಲ್ಲಿ ಕೂತು ಇದನ್ನೆಲ್ಲ ಬಿಚ್ಚುತ್ತಿದ್ದಾಗ ಚಿಕ್ಕಪ್ಪ ಕಾಫಿ ಹಿಡಿದು ಬಂದರು. ಮಂಜಿನ ವಿಷಯ ಹೇಳಿದೆ.

"ಅಲ್ಲ ಮಾರಾಯ, ಮಂಜಲ್ಲಿ ಬ್ಯಾಟರಿನ ಮುಖದ ಹತ್ರ ಹಿಡಿದ್ರೆ ಎಂತ ಕಾಣುತ್ತೆ? ಮೊಣಕಾಲಿನ ಹತ್ರ ಹಿಡಿಬೇಕು."

ನಮ್ಮ ಕಡೆ ಟಾರ್ಚಿಗೆ ಬ್ಯಾಟರಿ ಅಂತಲೇ ಹೇಳುವುದು. ಚಿಕ್ಕಪ್ಪ ಮಳೆಗಾಲದಲ್ಲಿ ಬೆಳಗಿನ ಜಾವ ತೋಟಕ್ಕೆ ಹೋಗುವಾಗ ಕೈ ಕೆಳಗೆ ಬಿಟ್ಟು ಬ್ಯಾಟರಿ ಹಿಡಿದು ನಡೆಯುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಯಾಕೆ ಅಂತ ಯೋಚಿಸಿರಲಿಲ್ಲ. ಬೆಳಕು ಕಣ್ಣಿನ ಹತ್ತಿರದಿಂದ ಹೊರಟರೆ ಮಂಜಿನ ಹನಿಗೆ ಬಡಿದು ನೆಟ್ಟಗೆ ಕಣ್ಣಿಗೇ ವಾಪಸ್ ಬರುತ್ತದೆ. ಕೆಳಗಿನಿಂದ ನೆಲಕ್ಕೆ ಒರಗಿದಂತೆ ಹೋದರೆ ಹೊಳೆಯುವ ಮಂಜು ನಮ್ಮ ನೋಟಕ್ಕೆ ಅಷ್ಟು ಅಡ್ಡ ಬರುವುದಿಲ್ಲ, ನೆಲ ಕಾಣುತ್ತದೆ. ನನಗೆ ಬೇಕಿದ್ದದ್ದು ಜಾಸ್ತಿ ಬೆಳಕಲ್ಲ, ತಗ್ಗಿನಲ್ಲಿರುವ ಬೆಳಕು.

ಸ್ಪಾಟ್ ಲೈಟ್ ಎರಡನ್ನೂ ಅಲ್ಲೇ ಬಿಟ್ಟು ಬಂದೆ. ಚಿಕ್ಕಪ್ಪ ಅವನ್ನು ಹಳೇ ಟ್ರ್ಯಾಕ್ಟರ್ ಬ್ಯಾಟರಿಗೆ ಕೊಟ್ಟು ಕೊಟ್ಟಿಗೆ ಮುಂದೆ ಕಟ್ಟಿಕೊಂಡಿದ್ದಾರೆ.

ಜೂನ್ ಕೊನೆ: ಜೆ.ಸಿ. ರಸ್ತೆ

ಬೆಂಗಳೂರಿನಲ್ಲಿ ಗಾಡಿ ಸಾಮಾನು ಅಂದರೆ ಜೆ.ಸಿ. ರಸ್ತೆ, ಎಲೆಕ್ಟ್ರಾನಿಕ್ಸ್ ಅಂದರೆ ಎಸ್.ಪಿ. ರಸ್ತೆ. ಒಂದು ಶನಿವಾರ ಎರಡೂ ಮುಗಿಸಿದೆ. ಈ ಸಲ ತಗೊಂಡದ್ದು ಹಳದಿ ಬೆಳಕಿನ ಜೋಡಿ. ಬೆಳಕು ಅಗಲಕ್ಕೆ ಹರಡಿ, ಮೇಲ್ಭಾಗ ಚಾಕುವಿನಲ್ಲಿ ಕತ್ತರಿಸಿದ ಹಾಗೆ ನಿಲ್ಲುವಂಥದ್ದು. ಅಂಗಡಿಯಲ್ಲೇ ಗೋಡೆಗೆ ಹಿಡಿದು ತೋರಿಸಿ ಅಂದೆ. ಅವರು ಸ್ವಲ್ಪ ಮುಖ ಗಂಟಿಕ್ಕಿದರೂ ತೋರಿಸಿದರು. ಮೀಟರಿಟ್ಟಾಗ ತಲಾ 1.2 ಆಂಪ್.

ಹಳದಿ ಬೆಳಕು ಮಂಜನ್ನು ತೂರಿಕೊಂಡು ಹೋಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಅದರಲ್ಲಿ ಅಷ್ಟು ನಂಬಿಕೆ ಇಲ್ಲ. ಮಂಜಿನ ಹನಿ ಬೆಳಕಿನ ಅಲೆಗಿಂತ ಹತ್ತಾರು ಪಟ್ಟು ದೊಡ್ಡದು. ಅಷ್ಟು ದೊಡ್ಡ ಹನಿ ಎಲ್ಲ ಬಣ್ಣವನ್ನೂ ಹೆಚ್ಚು ಕಡಿಮೆ ಒಂದೇ ಥರ ಚೆದುರಿಸುತ್ತದೆ. ಆದರೂ ಹಳದಿಯಲ್ಲಿ ನೀಲಿ ಅಂಶ ಇಲ್ಲದ್ದರಿಂದ ಕಣ್ಣಿಗೆ ಹಿತ. ಫ್ರಾನ್ಸಿನಲ್ಲಿ 1993ರವರೆಗೆ ಕಾರಿನ ಹೆಡ್‌ಲೈಟು ಹಳದಿಯೇ ಇರಬೇಕು ಅಂತ ಕಾನೂನಿತ್ತು. ನಾನಂತೂ ತಗೊಂಡದ್ದು ಬಣ್ಣಕ್ಕಿಂತ ಆ ಚಪ್ಪಟೆ ಬೀಮಿಗೆ.

ಉಳಿದ ಸಾಮಾನು: 12 ವೋಲ್ಟಿನ ರಿಲೇ ಮತ್ತು ಅದರ ಸಾಕೆಟ್, ಫ್ಯೂಸ್ ಹೋಲ್ಡರ್ ಎರಡು, 1.5 ಚದರ ಮಿ.ಮೀ. ವೈರು ಕೆಂಪು ಕಪ್ಪು, ಸ್ಲೀವ್, ನೀರು ಹೋಗದ ಕನೆಕ್ಟರ್, ಹ್ಯಾಂಡಲ್ ಸ್ವಿಚ್ಚು. ಜೊತೆಗೆ ಒಂದು ಒಳ್ಳೆಯ ಕ್ರಿಂಪಿಂಗ್ ಟೂಲ್, ಅಂದರೆ ಕನೆಕ್ಟರನ್ನು ವೈರಿಗೆ ಒತ್ತಿ ಕೂರಿಸುವ ಇಕ್ಕಳ. ಇದೇ ಎಲ್ಲಕ್ಕಿಂತ ದುಬಾರಿ ಅನ್ನಿಸಿತು, ಈಗ ಇದೇ ಎಲ್ಲಕ್ಕಿಂತ ಇಷ್ಟ.

ಜುಲೈ ಮೊದಲ ಭಾನುವಾರ: ವೈರಿಂಗ್

ಇಡೀ ದಿನ ಹೋಯಿತು. ಸೀಟು ಬಿಚ್ಚಿ, ಟ್ಯಾಂಕ್ ಎತ್ತಿ ಕೂತೆ.

ರಿಲೇ ಅಂದರೆ ಹೆದರುವಂಥದ್ದೇನಿಲ್ಲ. ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟಿನ ಬಾಗಿಲು ತೆಗೆಯುವ ಸ್ವಿಚ್ಚು, ಅಷ್ಟೇ. ಕಾಲುಗಳ ಮೇಲೆ ನಂಬರ್ ಇರುತ್ತದೆ. 30ಕ್ಕೆ ಬ್ಯಾಟರಿಯ ಪ್ಲಸ್. 87ರಿಂದ ಲೈಟಿಗೆ. 85 ಅರ್ಥಿಗೆ. 86ಕ್ಕೆ ಹ್ಯಾಂಡಲ್ ಸ್ವಿಚ್ಚಿನಿಂದ ಬರುವ ಸಣ್ಣ ವೈರು. ಸ್ವಿಚ್ಚಿನಲ್ಲಿ ಹರಿಯುವುದು ರಿಲೇ ಕಾಯಿಲಿನ ಕರೆಂಟು ಮಾತ್ರ, ನನ್ನದರಲ್ಲಿ 0.16 ಆಂಪ್. ಲೈಟಿನ ಭಾರವೆಲ್ಲ ಬ್ಯಾಟರಿಯಿಂದ ಬಂದ ದಪ್ಪ ವೈರಿನ ಮೇಲೆ. ಹೆಡ್‌ಲೈಟಿನ ವೈರನ್ನು ಮುಟ್ಟುವ ಹಾಗೇ ಇಲ್ಲ.

ಫ್ಯೂಸನ್ನು ಬ್ಯಾಟರಿಗೆ ಅಂಟಿದಂತೆ, ಒಂದು ಗೇಣಿನೊಳಗೆ ಹಾಕಿದೆ. ಫ್ಯೂಸ್ ಇರುವುದು ಲೈಟನ್ನು ಕಾಯಲು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಅದು ಕಾಯುವುದು ವೈರನ್ನು. ಫ್ಯೂಸಿಗೂ ಬ್ಯಾಟರಿಗೂ ನಡುವೆ ವೈರು ಎಲ್ಲಾದರೂ ಸವೆದು ಫ್ರೇಮಿಗೆ ತಗುಲಿದರೆ ಆ ತುಂಡನ್ನು ಕಾಯುವವರು ಯಾರೂ ಇಲ್ಲ. ಎರಡೂ ಸೇರಿ 2.4 ಆಂಪ್ ಆದ್ದರಿಂದ 5 ಆಂಪ್ ಫ್ಯೂಸ್ ಸಾಕಾಯಿತು. ಅರ್ಥ್ ವೈರನ್ನೂ ಫ್ರೇಮಿಗೆ ಕೊಡದೆ ಬ್ಯಾಟರಿಯ ಮೈನಸ್‌ಗೇ ತಂದೆ. ಪೇಂಟು, ತುಕ್ಕಿನ ಮೇಲೆ ಭರವಸೆ ಇಡುವುದು ಯಾಕೆ?

ಹ್ಯಾಂಡಲ್ ಸ್ವಿಚ್ಚಿಗೆ ಕರೆಂಟು ಕೊಡಲು, ಕೀ ಆನ್ ಆದಾಗ ಮಾತ್ರ ಜೀವ ಬರುವ ವೈರು ಬೇಕಿತ್ತು. ಸೀಟಿನ ಕೆಳಗೇ ಹಾದುಹೋಗುವ ಟೇಲ್ ಲ್ಯಾಂಪಿನ ವೈರನ್ನು ಮೀಟರಿನಲ್ಲಿ ಹುಡುಕಿ ಅದರಿಂದ ತೆಗೆದೆ. ಆ ಕವಲಿಗೂ 1 ಆಂಪಿನ ಫ್ಯೂಸ್ ಇದೆ. ಇಲ್ಲದಿದ್ದರೆ ಹ್ಯಾಂಡಲ್ ಹತ್ತಿರ ನನ್ನ ವೈರು ಶಾರ್ಟ್ ಆದರೆ ಹಿಂದಿನ ಲೈಟೂ ಹೋಗುತ್ತದೆ, ಲಾರಿಯವನಿಗೆ ನಾನು ಕಾಣುವುದೇ ಇಲ್ಲ.

ಜೋಡಣೆ ಎಲ್ಲವೂ ಕ್ರಿಂಪ್. ಮೊದಲು ಸೋಲ್ಡರ್ ಮಾಡೋಣ ಅಂತಿದ್ದೆ. ಸೀಸ ವೈರಿನ ಎಳೆಗಳೊಳಗೆ ಏರಿ ಅಷ್ಟು ಭಾಗ ಕಡ್ಡಿಯ ಹಾಗೆ ಗಟ್ಟಿಯಾಗುತ್ತದೆ. ಸಿಂಗಲ್ ಸಿಲಿಂಡರಿನ ನಡುಕಕ್ಕೆ ಆ ಗಟ್ಟಿ ಭಾಗ ಮುಗಿಯುವ ಕಡೆಯೇ ತುಂಡಾಗುವುದು.

ಸಂಜೆ ಆರಕ್ಕೆ ಲೈಟ್ ಹತ್ತಿತು. ಹ್ಯಾಂಡಲ್ ಎಡಕ್ಕೆ ಪೂರ್ತಿ ತಿರುಗಿಸಿದೆ, ಆರಿತು! ಸ್ವಿಚ್ಚಿನ ವೈರು ಬಿಗಿಯಾಗಿ ಕನೆಕ್ಟರ್ ಎಳೆದುಕೊಂಡಿತ್ತು. ನಾಲ್ಕು ಬೆರಳಷ್ಟು ಸಡಿಲ ಬಿಟ್ಟು ಮತ್ತೆ ಕಟ್ಟಿದೆ. ಮೊದಲೇ ನೋಡಿದ್ದರೆ ಒಂದು ಗಂಟೆ ಉಳಿಯುತ್ತಿತ್ತು.

ಬ್ಯಾಟರಿಯ ವೋಲ್ಟೇಜ್ ಲೆಕ್ಕ: ಇಂಜಿನ್ ಆಫ್ ಇದ್ದಾಗ 12.7. ಐಡಲ್‌ನಲ್ಲಿ ಎಲ್ಲ ಲೈಟೂ ಹಾಕಿ 13.2. ಸ್ವಲ್ಪ ರೇಸ್ ಮಾಡಿದರೆ 14.1. ಚಾರ್ಜ್ ಆಗುತ್ತಿದೆ, ಚಿಂತೆಯಿಲ್ಲ. ಆದರೆ ಇಂಜಿನ್ ಆಫ್ ಮಾಡಿ ಲೈಟ್ ಉರಿಸಿಟ್ಟು ಟೆಂಟ್ ಹಾಕುವ ಯೋಚನೆ ಬೇಡ. ಇದರ ಬ್ಯಾಟರಿ ಬರೀ 8 ಆಂಪ್ ಅವರ್‌ನದು. 2017ರ ಏಪ್ರಿಲ್‌ನಿಂದ ಬಂದ ಬೈಕುಗಳಲ್ಲಿ ಹೆಡ್‌ಲೈಟ್ ಆಫ್ ಮಾಡುವ ಸ್ವಿಚ್ಚೇ ಇಲ್ಲ ಅನ್ನುವುದೂ ನೆನಪಿರಲಿ.

ಜುಲೈ ಎರಡನೇ ವಾರ: ಕೂರಿಸಿದ್ದು, ಬಗ್ಗಿಸಿದ್ದು

ಲೈಟುಗಳನ್ನು ಕ್ರ್ಯಾಶ್ ಗಾರ್ಡಿನ ಕೆಳಗಿನ ಕಂಬಿಗೆ ಕ್ಲ್ಯಾಂಪ್ ಹಾಕಿ ಕೂರಿಸಿದೆ. ನೆಲದಿಂದ 55 ಸೆಂ.ಮೀ. ಚಿಕ್ಕಪ್ಪನ ಮೊಣಕಾಲಿಗಿಂತ ಸ್ವಲ್ಪ ಮೇಲೆ. ಕ್ಲ್ಯಾಂಪಿನೊಳಗೆ ಹಳೇ ಟ್ಯೂಬಿನ ತುಂಡು, ಬೋಲ್ಟಿಗೆ ಒಳಗೆ ನೈಲಾನ್ ಬಳೆಯಿರುವ ನೈಲಾಕ್ ನಟ್. ಇದರಲ್ಲಿ ಹೇಳುವಂಥದ್ದು ಜಾಸ್ತಿ ಇಲ್ಲ.

ಹೇಳಬೇಕಾದದ್ದು ಬಗ್ಗಿಸಿದ್ದರ ಬಗ್ಗೆ. ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಗೋಡೆಯಿಂದ ಸರಿಯಾಗಿ 10 ಮೀಟರ್ ದೂರಕ್ಕೆ ಬೈಕ್ ನಿಲ್ಲಿಸಿದೆ. ಗೋಡೆಯ ಮೇಲೆ 55 ಸೆಂ.ಮೀ. ಎತ್ತರಕ್ಕೆ ಒಂದು ಟೇಪ್, ಅದಕ್ಕಿಂತ 15 ಸೆಂ.ಮೀ. ಕೆಳಗೆ ಇನ್ನೊಂದು. ಬೆಳಕಿನ ಮೇಲಂಚು ಕೆಳಗಿನ ಟೇಪಿಗೆ ಕೂರಬೇಕು. 10 ಮೀಟರಿಗೆ 15 ಸೆಂ.ಮೀ. ಇಳಿದರೆ ಸುಮಾರು 37 ಮೀಟರಿನಲ್ಲಿ ಆ ಅಂಚು ನೆಲ ಮುಟ್ಟುತ್ತದೆ. ಮಂಜಿನಲ್ಲಿ ಗಂಟೆಗೆ 25 ಕಿ.ಮೀ. ಹೋಗುವವನಿಗೆ ಅದು ಐದು ಸೆಕೆಂಡಿನ ದಾರಿ, ಸಾಕು.

ಸೆಕ್ಯುರಿಟಿಯವರು ಎರಡು ಸಲ ಬಂದು ನೋಡಿ ಹೋದರು. ಮೂರನೇ ಸಲ ತಡೆಯಲಾಗದೆ "ಸಾರ್, ಗೋಡೇಲಿ ಏನಾದ್ರೂ ಬಿರುಕು ಬಿಟ್ಟಿದ್ಯಾ?" ಅಂದರು.

ಆಮೇಲೆ ನೆನಪಾಯಿತು, ಊರಿಗೆ ಹೋಗುವಾಗ ಬೈಕ್ ಖಾಲಿ ಇರುವುದಿಲ್ಲ. ಹಿಂದೆ ಬ್ಯಾಗು, ಕೆಲವು ಸಲ ಹೆಂಡತಿ. ಮನೆಯಿಂದ 20 ಲೀಟರಿನ ನೀರಿನ ಕ್ಯಾನ್ ಎರಡು ತಂದು ಹಿಂದೆ ಕಟ್ಟಿದೆ, 40 ಕೆ.ಜಿ. ನಾನೂ ಹತ್ತಿ ಕೂತೆ. ಸೆಕ್ಯುರಿಟಿಯವರಿಂದ ಹಿಂದಿನ ಸಸ್ಪೆನ್ಷನ್ ಅಳೆಸಿದರೆ 3 ಸೆಂ.ಮೀ. ಕುಗ್ಗಿದೆ. ಬೆಳಕು ಮೇಲಿನ ಟೇಪನ್ನೂ ದಾಟಿ ಹೋಗಿದೆ! ಲೆಕ್ಕ ಸರಿಯೇ. ಎರಡು ಚಕ್ರದ ನಡುವಿನ ದೂರ 1.46 ಮೀಟರ್. ಹಿಂದೆ 3 ಸೆಂ.ಮೀ. ಕುಗ್ಗಿದರೆ 10 ಮೀಟರಿನಾಚೆ ಬೆಳಕು 20 ಸೆಂ.ಮೀ. ಏರುತ್ತದೆ. ಎದುರಿನವನ ಕಣ್ಣಿಗೆ ಹೊಡೆಯಲು ಅಷ್ಟು ಸಾಕು. ಹಾಗಾಗಿ ಭಾರ ಹಾಕಿಕೊಂಡೇ ಮತ್ತೆ ಬಗ್ಗಿಸಿದೆ. ಒಬ್ಬನೇ ಹೋಗುವಾಗ ಬೆಳಕು ತೀರಾ ಹತ್ತಿರಕ್ಕೆ ಬೀಳುತ್ತದೆ. ಬೀಳಲಿ.

ಕಾನೂನಿನ ಮಾತೂ ಇದೆ. 2024ರ ಜುಲೈಯಿಂದ ಕರ್ನಾಟಕದ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ಲೈಟುಗಳ ಮೇಲೆ ಕೇಸು ಹಾಕುತ್ತಿದ್ದಾರೆ. ಒಳ್ಳೆಯದೇ ಆಯಿತು. ಎದುರಿನಿಂದ ಅಂಥ ಲೈಟ್ ಬಂದಾಗ ಬೈಯದವರು ಯಾರಿದ್ದಾರೆ? ನಾನು ಊರೊಳಗೆ ಇವಕ್ಕೆ ಕಪ್ಪು ಮುಚ್ಚಳ ಹಾಕಿಯೇ ಓಡಿಸುತ್ತೇನೆ, ಮೂಡಿಗೆರೆಯಲ್ಲಿ ಟೀ ಕುಡಿಯುವಾಗ ತೆಗೆಯುತ್ತೇನೆ.

ಜುಲೈ ಕೊನೆ: ಚಾರ್ಮಾಡಿ

ಶನಿವಾರ ಸಂಜೆ ಕೊಟ್ಟಿಗೆಹಾರದಲ್ಲಿ ನೀರ್ ದೋಸೆ ತಿಂದು ಘಾಟಿಗಿಳಿದೆ. ಮಲಯ ಮಾರುತ ಅತಿಥಿಗೃಹದ ಹತ್ತಿರ ಮಂಜು ಎಷ್ಟಿತ್ತು ಅಂದರೆ ಮುಂದಿನ ಬಸ್ಸಿನ ಶಬ್ದ ಕೇಳುತ್ತಿತ್ತು, ಬಸ್ ಕಾಣುತ್ತಿರಲಿಲ್ಲ. ಹಳದಿ ಲೈಟ್ ಹಾಕಿದೆ. ದೂರ ಏನೂ ಕಾಣಲಿಲ್ಲ, ಅದು ನಿಜ. ಆದರೆ ಎಡಗಡೆಯ ಬಿಳಿ ಪಟ್ಟಿ, ಅದರಾಚೆ ಒಂದು ಮೊಳ ಮಣ್ಣು, ತಡೆಗೋಡೆಯ ಬುಡ ಇಷ್ಟು ಕಂಡಿತು. ಹೇರ್‌ಪಿನ್‌ನಲ್ಲಿ ಬೆಳಕು ಅಗಲಕ್ಕೆ ಹರಡಿದ್ದರಿಂದ ತಿರುವಿನ ಒಳಮೈ ಹೆಡ್‌ಲೈಟಿಗಿಂತ ಮೊದಲೇ ಸಿಕ್ಕಿತು. ಹೈ ಬೀಮ್ ಒಂದು ಸಲ ಹಾಕಿ ನೋಡಿದೆ. ಅದೇ ಬಿಳಿ ಪಂಚೆ. ಡಿಮ್ ಮಾಡಿದೆ. ಎದುರಿನಿಂದ ಬಂದ ಯಾರೂ ನನಗೆ ಲೈಟ್ ಹೊಡೆದು ಬೈಯಲಿಲ್ಲ.

ಬಾಕಿ ಕೆಲಸ: ಎಡಗಡೆ ಲೈಟಿನ ಗಾಜಿನೊಳಗೆ ಆವಿ ಕೂತಿದೆ. ಹತ್ತು ನಿಮಿಷ ಉರಿದರೆ ಹೋಗುತ್ತದೆ, ಬೆಳಿಗ್ಗೆ ಮತ್ತೆ ಬರುತ್ತದೆ. ಮಳೆ ಬಿಟ್ಟ ಮೇಲೆ ಬಿಚ್ಚಿ ಒಣಗಿಸಿ ಸಿಲಿಕೋನ್ ಹಾಕಬೇಕು. ಬಲಗಡೆ ಕ್ಲ್ಯಾಂಪ್ 500 ಕಿ.ಮೀ.ಗೆ ಕಾಲು ಸುತ್ತು ಸಡಿಲವಾಗಿತ್ತು, ಬಿಗಿ ಮಾಡಿ ನಟ್ಟಿನ ಮೇಲೆ ಬಿಳಿ ಪೇಂಟಿನಲ್ಲಿ ಗೆರೆ ಎಳೆದಿದ್ದೇನೆ. ಮುಂದಿನ ಸಲ ಗೆರೆ ಸರಿದಿದೆಯಾ ನೋಡಬೇಕು.