ಬರಡು ಗುಡ್ಡದ ಒಂದು ವರ್ಷ

ಕೊಪ್ಪಳದ ಗುಡ್ಡ ಅಂದರೆ ಹೊರಗಿನವರಿಗೆ ಬರೀ ಬಂಡೆ, ಬಿಸಿಲು. ನಮ್ಮೂರಿನವರೂ ಬರಡು ಜಾಗ ಅಂತಲೇ ಕರೆಯುತ್ತಾರೆ. ಈ ಮಾತು ನನಗೆ ಸೇರುವುದಿಲ್ಲ. ಆರು ವರ್ಷದಿಂದ ಹೆಚ್ಚೂಕಮ್ಮಿ ಪ್ರತಿ ಭಾನುವಾರ ಬೆಳಿಗ್ಗೆ ಪಾಲ್ಕಿಗುಂಡಿನ ಕಡೆ ನಡೆದು ಹೋಗುತ್ತೇನೆ. ಅಶೋಕನ ಶಾಸನ ಇದೆಯಲ್ಲ, ಅದೇ ಗುಡ್ಡ. ಶಾಸನ ನೋಡಲು ಬಂದವರು ಫೋಟೋ ತೆಗೆದು ಇಳಿದುಬಿಡುತ್ತಾರೆ. ಸುತ್ತಲಿನ ಹುಲ್ಲು, ಪೊದೆ, ಬಂಡೆಯಲ್ಲಿ ಮಳೆನೀರು ನಿಲ್ಲುವ ದೊಣೆಗಳ ಹತ್ತಿರ ಸುಮ್ನೆ ಅರ್ಧ ತಾಸು ಕೂತು ನೋಡಬೇಕು.

ಇಲ್ಲಿ ವರ್ಷ ಶುರುವಾಗುವುದು ಮಿರಗಕ್ಕೆ, ಅಂದರೆ ಮೃಗಶಿರಾ ಮಳೆಗೆ. ಜೂನ್ 7–8ರ ಹೊತ್ತಿಗೆ ಒಂದು ಒಳ್ಳೆ ಮಳೆ ಬಿದ್ದರೆ ಸಾಕು, ಮಾರನೇ ಬೆಳಿಗ್ಗೆ ಕೆಂಪು ಮಖಮಲ್ಲಿನ ಗುಂಡಿಯಂಥ ಮಿರಗದ ಹುಳಗಳು ನೆಲದ ತುಂಬ ಹರಿದಾಡುತ್ತವೆ. ಹುಳ ಅಂತೀವಿ, ಆದರೆ ಎಂಟು ಕಾಲು, ಜೇಡದ ಸಂಬಂಧಿ. ವರ್ಷದ ಬಹುಪಾಲು ಮಣ್ಣೊಳಗೇ ಇದ್ದು ಮಳೆಗೆ ಮೇಲೆ ಬರುತ್ತವೆ. ಅದೇ ದಿನಗಳಲ್ಲಿ ಆಫ್ರಿಕಾದಿಂದ ಚಾತಕ ಬಂದಿರುತ್ತದೆ. ರಾತ್ರಿ ದೊಣೆಯಲ್ಲಿ ಕಪ್ಪೆಗಳ ಗಲಾಟೆ. ಬೇಸಿಗೆಯೆಲ್ಲ ಮಣ್ಣಲ್ಲಿ ಹೂತುಕೊಂಡಿದ್ದ ಕಪ್ಪೆಗಳು ಅವು. ನೀರು ಆರುವುದರೊಳಗೆ ಮೊಟ್ಟೆ ಇಟ್ಟು ಮರಿ ಮಾಡಬೇಕು, ಅವಸರ ಇರಲೇಬೇಕಲ್ವಾ?

ಶ್ರಾವಣಕ್ಕೆ ತುಂಬೆ ಹೂ. ಸೋಮವಾರದ ಪೂಜೆಗೆ ಅವ್ವ ಒಂದು ಹಿಡಿ ತರಲು ಹೇಳುತ್ತಾಳೆ. ಹುಲ್ಲಿನ ನಡುವೆ ಚಿಕ್ಕ ನೀಲಿ ವಿಷ್ಣುಕ್ರಾಂತಿ, ಬೇಲಿ ಮೇಲೆ ಕೆಂಪು ಹಳದಿ ಬೆಂಕಿಯಂಥ ಗೌರಿ ಹೂ. ಅದರ ಗಡ್ಡೆ ಭಾಳ ವಿಷ, ಮಕ್ಕಳನ್ನು ಕರೆದುಕೊಂಡು ಹೋದರೆ ಹುಷಾರು. ಆಮೇಲೆ ಸೀತಾಫಲ, ಹುಲ್ಲು ಬಂಗಾರದ ಬಣ್ಣಕ್ಕೆ ತಿರುಗುತ್ತದೆ, ಚಳಿ ಬರುತ್ತದೆ.

ಚಳಿಗಾಲವೇ ನನಗೆ ಹೆಚ್ಚು ಇಷ್ಟ. ಹಿಂಗಾರಿ ಜೋಳ ಹಾಲುಗಾಳಾಗುವ ಹೊತ್ತಿಗೆ ಗುಲಾಬಿ ಕಬ್ಬಕ್ಕಿಗಳು ದೊಡ್ಡ ಹಿಂಡಾಗಿ ಬರುತ್ತವೆ, ಅಟ್ಟದ ಮೇಲೆ ಕವಣೆ ಹಿಡಿದು ನಿಂತ ರೈತನಿಗೆ ಅದು ನಷ್ಟವೇ, ಆ ಸಿಟ್ಟು ನನಗೂ ಅರ್ಥವಾಗುತ್ತದೆ, ಆದರೆ ಅದೇ ಹಕ್ಕಿ ಮಿಡತೆಯನ್ನೂ ತಿನ್ನುತ್ತದೆ ಅನ್ನುವುದೂ ನಿಜ. ತುಂಗಭದ್ರಾ ಹಿನ್ನೀರಿಗೆ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಗಂಗಾವತಿ ತಾಲ್ಲೂಕಿನ ಬಂಕಾಪುರದ ಕುರುಚಲಲ್ಲಿ ತೋಳ ಮರಿ ಹಾಕುವುದೂ ಈ ಚಳಿಯಲ್ಲೇ. ಅಲ್ಲಿ ಈಗ ತೋಳಗಳಿಗಾಗಿಯೇ ವನ್ಯಧಾಮ ಆಗಿದೆ. ಬರಡು ಅಂದವರು ಅದನ್ನು ಒಮ್ಮೆ ನೆನಪು ಮಾಡಿಕೊಳ್ಳಲಿ.

ಶಿವರಾತ್ರಿ ಹತ್ತಿರ ಬಂದಾಗ ಮುತ್ತಲ ಗಿಡ ಎಲೆಯೆಲ್ಲ ಉದುರಿಸಿ ಬರೀ ಹೂವಾಗಿ ನಿಲ್ಲುತ್ತದೆ. ನೀರಿಲ್ಲದ ಕಾಲದಲ್ಲಿ ಎಲೆ ಇಟ್ಟುಕೊಂಡರೆ ಇದ್ದ ನೀರೂ ಆವಿಯಾಗುತ್ತದೆ. ಎಲೆ ಇಲ್ಲದಿದ್ದರೆ ಹೂವು ದೂರದ ಹಕ್ಕಿಗೂ ಕಾಣುತ್ತದೆ, ಈಗ ಹೂ ಬಿಟ್ಟರೆ ಮಳೆ ಬರುವ ಹೊತ್ತಿಗೆ ಬೀಜ ನೆಲಕ್ಕೆ ಬಿದ್ದಿರುತ್ತದೆ. ಮಕರಂದ ಕುಡಿಯಲು ಸೂರಕ್ಕಿ, ಪಿಕಳಾರ, ಊರಿಗೆ ಹೊರಟ ಗುಲಾಬಿ ಕಬ್ಬಕ್ಕಿ ಎಲ್ಲವೂ ಒಂದೇ ಗಿಡದಲ್ಲಿ.

ಹೋದ ಮಾರ್ಚ್‌ನಲ್ಲಿ ಇದೇ ಗುಡ್ಡಕ್ಕೆ ಯಾರೋ ಬೆಂಕಿ ಹಚ್ಚಿದರು. ಹಳೆ ಹುಲ್ಲು ಸುಟ್ಟರೆ ಹೊಸದು ಚೆನ್ನಾಗಿ ಬರುತ್ತದೆ ಅನ್ನುವ ನಂಬಿಕೆ. ಎರಡು ದಿನ ಬಿಟ್ಟು ಹೋದೆ. ಒಂದು ಸುಟ್ಟ ಪೊದೆಯ ಬುಡದಲ್ಲಿ ಐದು ಗೌಜಲಕ್ಕಿ ಮೊಟ್ಟೆ ಕರಕಲಾಗಿ ಬಿದ್ದಿದ್ದವು. ಸ್ವಲ್ಪ ದೂರದಲ್ಲಿ ಒಂದು ನಕ್ಷತ್ರ ಆಮೆಯ ಖಾಲಿ ಚಿಪ್ಪು. ಒಣಗಿದೆ ಅಂದರೆ ಸತ್ತಿದೆ ಅಂತ ಅಲ್ಲ, ದಯವಿಟ್ಟು ಬೇಸಿಗೆಯಲ್ಲಿ ಗುಡ್ಡದ ಹುಲ್ಲಿಗೆ ಬೆಂಕಿ ಹಚ್ಚಬೇಡಿ. ಹಚ್ಚುವವರು ಕಂಡರೆ ತಡೆಯಿರಿ.

ಈಗ ಮೇ ಕೊನೆ, ಬಿಸಿಲು 40 ಡಿಗ್ರಿ. ಕಕ್ಕೆ ಹೂ ಉದುರುತ್ತಿದೆ. ನಿನ್ನೆ ಸಂಜೆ ಒಣಗಿದ ದೊಣೆಯ ತಳಕ್ಕೆ ಕೈ ಹಾಕಿ ನೋಡಿದೆ. ಮೇಲಿನ ಪದರ ಬಿರುಕು ಬಿಟ್ಟಿತ್ತು. ಒಂದು ಗೇಣು ಕೆಳಗೆ ಮಣ್ಣು ಇನ್ನೂ ತಣ್ಣಗಿತ್ತು. ಅಗೆಯಲು ಹೋಗಲಿಲ್ಲ, ಕಪ್ಪೆ ಅಲ್ಲೇ ಎಲ್ಲೋ ಮಲಗಿರುತ್ತದೆ.