ಗಾರ್ಡಿನರ್‌ನ ಬೇಟೆಗಾರರು, ಲಮಾರ್ ಕಣಿವೆಯ ತೋಳಗಳು

ನವೆಂಬರ್‌ನಲ್ಲಿ ಅಮೆರಿಕದ ಮೊಂಟಾನಾ ರಾಜ್ಯದಲ್ಲಿ, ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಉತ್ತರ ಬಾಗಿಲಲ್ಲಿರುವ ಗಾರ್ಡಿನರ್ ಊರಿಗೆ ಹೋದರೆ ಮೊದಲು ಕಣ್ಣಿಗೆ ಬೀಳುವುದು ಕಿತ್ತಳೆ ಬಣ್ಣ. ಪೆಟ್ರೋಲ್ ಬಂಕಿನಲ್ಲಿ, ಕಿರಾಣಿ ಅಂಗಡಿಯಲ್ಲಿ, ಹೋಟೆಲಿನಲ್ಲಿ ಕಿತ್ತಳೆ ಜಾಕೆಟ್ಟು, ಕಿತ್ತಳೆ ಟೊಪ್ಪಿಗೆ. ಅದು ಅಲ್ಲಿನ ಕಾನೂನು. ಬಂದೂಕು ಹಿಡಿದು ಬೇಟೆಗೆ ಹೋಗುವವರು ಸೊಂಟದ ಮೇಲೆ ಕನಿಷ್ಠ 400 ಚದರ ಇಂಚು ಈ ಬಣ್ಣ ತೊಟ್ಟಿರಬೇಕು. ಒಬ್ಬರ ಗುಂಡು ಇನ್ನೊಬ್ಬರಿಗೆ ತಗುಲಬಾರದು ಅಲ್ವಾ? ಅಕ್ಟೋಬರ್ ಕೊನೆಗೆ ಶುರುವಾಗುವ ರೈಫಲ್ ಬೇಟೆಯ ಹಂಗಾಮು ಥ್ಯಾಂಕ್ಸ್‌ಗಿವಿಂಗ್ ಹಬ್ಬದ ನಂತರದ ಭಾನುವಾರಕ್ಕೆ ಮುಗಿಯುತ್ತದೆ. ಅಷ್ಟು ದಿನವೂ ಆ ಊರಿನಲ್ಲಿ ಬೇರೆ ಮಾತಿಲ್ಲ.

ನಾನು ಹೋಗಿದ್ದು ತೋಳ ನೋಡಲು. ಅಣ್ಣನ ಮಗ ಬೋಜ್‌ಮನ್‌ನ ಯೂನಿವರ್ಸಿಟಿಯಲ್ಲಿ ಓದುತ್ತಿದ್ದಾನೆ. "ಕಾಕಾ, ಯೆಲ್ಲೋಸ್ಟೋನ್‌ಗೆ ಎಲ್ಲರೂ ಬೇಸಿಗೆಯಲ್ಲೇ ಬರ್ತಾರೆ. ತೋಳ ಚೆನ್ನಾಗಿ ಕಾಣ್ಬೇಕಂದ್ರೆ ಚಳಿಯಲ್ಲಿ ಬಾ" ಅಂತ ಕರೆಯುತ್ತಲೇ ಇದ್ದ. ನಾವು ಕೊಪ್ಪಳ ಜಿಲ್ಲೆಯವರು. ಕುರಿಹಟ್ಟಿಯೂ ಗೊತ್ತು, ತೋಳವೂ ಗೊತ್ತು. ಆದರೆ ಸರ್ಕಾರ ತಾನೇ ಕೊಂದು ಮುಗಿಸಿದ ತೋಳವನ್ನು ಮತ್ತೆ ತಂದು ಬಿಟ್ಟ ಜಾಗ ಹೇಗಿರುತ್ತದೆ, ಅಲ್ಲಿನವರು ಅದರ ಜೊತೆ ಹೇಗೆ ಬಾಳುತ್ತಾರೆ ಅನ್ನುವುದು ನನಗೆ ಬಹಳ ದಿನದ ಕುತೂಹಲ.

ಬೋಜ್‌ಮನ್‌ನಿಂದ ಲಿವಿಂಗ್‌ಸ್ಟನ್, ಅಲ್ಲಿಂದ ದಕ್ಷಿಣಕ್ಕೆ ತಿರುಗಿದರೆ ಗಾರ್ಡಿನರ್‌ಗೆ ಸುಮಾರು 85 ಕಿಲೋಮೀಟರ್. ಪಕ್ಕದಲ್ಲೇ ಯೆಲ್ಲೋಸ್ಟೋನ್ ನದಿ. ಪೂರ್ವಕ್ಕೆ ಅಬ್ಸರೋಕ ಬೆಟ್ಟಗಳು, ಪಶ್ಚಿಮಕ್ಕೆ ಗ್ಯಾಲಟಿನ್ ಸಾಲು, ನಡುವೆ ದನಗಳ ರ‍್ಯಾಂಚುಗಳು. ಪಿಕಪ್ ವಾಹನಗಳ ಹಿಂದೆ ಎಲ್ಕ್‌ಗಳ ಕೊಂಬು ಕಾಣುತ್ತಿದ್ದವು. ಎಲ್ಕ್ ಅಂದರೆ ದೊಡ್ಡ ಜಿಂಕೆ, ಗಂಡು 300 ಕಿಲೋ ದಾಟುತ್ತದೆ. ಒಂದು ಎಲ್ಕ್ ಸಿಕ್ಕರೆ ಮನೆಯ ಫ್ರೀಜರ್ ತುಂಬಿ ಚಳಿಗಾಲ ಕಳೆಯುತ್ತದೆ. ಇಲ್ಲಿ ಬೇಟೆಗಾರರ ಮತ್ತು ತೋಳದ ಜಗಳವೆಲ್ಲ ಇದೇ ಪ್ರಾಣಿಯ ಮೇಲೆ.

ಹಳೆಯ ಕಥೆ ಸ್ವಲ್ಪ ಹೇಳಬೇಕು. 1872ರಲ್ಲಿ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನ ಆಯಿತು. ಆಗ ಉದ್ಯಾನ ಅಂದರೆ ಜಿಂಕೆ, ಕಾಡೆಮ್ಮೆಗಳಿಗೆ ಮಾತ್ರ. ತೋಳಕ್ಕೆ ವಿಷ, ಗುಂಡು, ಬಲೆ. 1926ರ ಹೊತ್ತಿಗೆ ಅಲ್ಲಿನ ಕೊನೆಯ ತೋಳಗಳೂ ಹೋದವು. ಎಲ್ಕ್ ಹೆಚ್ಚಿದವು, ಹುಲ್ಲು ಗಿಡ ಸವೆದವು. 1960ರ ದಶಕದವರೆಗೂ ಉದ್ಯಾನದ ಸಿಬ್ಬಂದಿಯೇ ಎಲ್ಕ್‌ಗಳನ್ನು ಹೊಡೆದು ಕಡಿಮೆ ಮಾಡುತ್ತಿದ್ದರು. ಕೊನೆಗೆ 1995ರ ಜನವರಿಯಲ್ಲಿ ಕೆನಡಾದ ಆಲ್ಬರ್ಟಾದಿಂದ 14 ತೋಳ ತಂದರು. ಮರುವರ್ಷ ಬ್ರಿಟಿಷ್ ಕೊಲಂಬಿಯಾದಿಂದ 17. ಆಗಿನ ಒಳಾಡಳಿತ ಕಾರ್ಯದರ್ಶಿ ಬ್ರೂಸ್ ಬ್ಯಾಬಿಟ್ ತೋಳದ ಪೆಟ್ಟಿಗೆಗೆ ತಾವೂ ಕೈ ಕೊಟ್ಟು ಹಿಮದಲ್ಲಿ ಹೊತ್ತರು. ಉದ್ಯಾನದ ಉತ್ತರ ಭಾಗದ ಲಮಾರ್ ಕಣಿವೆ ಕಡೆ ಬೇಲಿ ಹಾಕಿದ ಆವರಣಗಳಲ್ಲಿ ಕೆಲವು ವಾರ ಇಟ್ಟು, ನೆಲಕ್ಕೆ ಒಗ್ಗಿದ ಮೇಲೆ ಬಿಟ್ಟರು.

ಗಾರ್ಡಿನರ್‌ನ ಒಂದು ಸಣ್ಣ ಹೋಟೆಲಿನಲ್ಲಿ ಸಂಜೆ ಊಟಕ್ಕೆ ಕೂತಿದ್ದೆವು. ಪಕ್ಕದ ಮೇಜಿನಲ್ಲಿ ಮೂವರು. ಬೇರೆ ಊರಿನ ಬೇಟೆಗಾರರನ್ನು ಕುದುರೆ ಮೇಲೆ ಕಾಡಿಗೆ ಕರೆದೊಯ್ಯುವ ಕಸುಬಿನ ಹಿರಿಯರೊಬ್ಬರು. ಅಂಥವರನ್ನು ಅಲ್ಲಿ ಔಟ್‌ಫಿಟರ್ ಅನ್ನುತ್ತಾರೆ. ಇನ್ನೊಬ್ಬರು ಲಿವಿಂಗ್‌ಸ್ಟನ್‌ನ ಮರಗೆಲಸದ ಯುವಕ, ಬಿಲ್ಲು ಬಾಣದಲ್ಲಿ ಬೇಟೆಯಾಡುವವರು. ಮೂರನೆಯವರು ನಿವೃತ್ತ ಶಾಲಾ ಶಿಕ್ಷಕಿ, ಹುಡುಗಿಯಾಗಿದ್ದಾಗಿನಿಂದ ಎಲ್ಕ್ ಹೊಡೆದವರು. ನಾವು ತೋಳ ನೋಡಲು ಬಂದವರು ಅಂತ ಗೊತ್ತಾಗಿದ್ದೇ ತಡ, ಕುರ್ಚಿ ಎಳೆದುಕೊಳ್ಳಿ ಅಂದರು.

ಔಟ್‌ಫಿಟರ್ ಮೊದಲು ಮಾತಾಡಿದರು. ಚಳಿಗಾಲದಲ್ಲಿ ಉದ್ಯಾನದಿಂದ ಕೆಳಗಿಳಿದು ಬರುವ ಎಲ್ಕ್‌ಗಳಿಗೆ ಗಾರ್ಡಿನರ್ ಹತ್ತಿರ ಪ್ರತ್ಯೇಕ ಬೇಟೆ ಇತ್ತು. ಸಾವಿರಾರು ಪರವಾನಗಿ. ಜನವರಿಯಲ್ಲೂ ಲಾಡ್ಜುಗಳೆಲ್ಲ ಭರ್ತಿ. "1994ರಲ್ಲಿ ಈ ಉತ್ತರದ ಹಿಂಡಿನಲ್ಲಿ 19,000 ಎಲ್ಕ್ ಎಣಿಸಿದ್ದರು. 2013ಕ್ಕೆ 4,000ವೂ ಇರಲಿಲ್ಲ. ಆ ಬೇಟೆಯೇ ನಿಂತುಹೋಯಿತು. ನನ್ನ ಕುದುರೆಗಳನ್ನು ಮಾರಬೇಕಾಯಿತು. ಇದನ್ನು ಯಾರು ಕೇಳ್ತಾರೆ?" ಅಂದರು. ಅವರ ದನಿಯಲ್ಲಿ ಸಿಟ್ಟಿಗಿಂತ ನೋವು ಜಾಸ್ತಿ ಇತ್ತು. ಹೊಟ್ಟೆಪಾಡು ಹೋದವರ ಮಾತನ್ನು ಸುಮ್ನೆ ತಳ್ಳಿ ಹಾಕಲು ನನಗೆ ಮನಸ್ಸು ಬರಲಿಲ್ಲ.

ಯುವಕ ತಲೆಯಾಡಿಸಿದರು, ಆದರೆ ಪೂರ್ತಿ ಒಪ್ಪಲಿಲ್ಲ. "ಆ ಬೇಟೆಯಲ್ಲಿ ನಾವು ಹೊಡೆದದ್ದು ಮರಿ ಹಾಕುವ ಹೆಣ್ಣುಗಳನ್ನೇ ಅಲ್ವಾ? ತೋಳ ಹಿಡಿಯೋದು ಮುದಿ ಪ್ರಾಣಿಗಳನ್ನು, ಕರುಗಳನ್ನು. ಹಿಂಡು ಇಳಿಯೋಕೆ ನಾವೂ ಕಾರಣ, ಬರಗಾಲವೂ ಕಾರಣ." ಶಿಕ್ಷಕಿ ಇನ್ನೊಂದು ಎಳೆ ಸೇರಿಸಿದರು. ಯೆಲ್ಲೋಸ್ಟೋನ್ ಸರೋವರಕ್ಕೆ ಯಾರೋ ಹೊರಗಿನ ಲೇಕ್ ಟ್ರೌಟ್ ಮೀನನ್ನು ಕಳ್ಳತನದಲ್ಲಿ ಬಿಟ್ಟಿದ್ದರು. 1994ರಲ್ಲಿ ಅದು ಪತ್ತೆಯಾಯಿತು. ಅದು ಅಲ್ಲಿನ ಕಟ್‌ತ್ರೋಟ್ ಮೀನನ್ನು ತಿಂದು ಹಾಕಿತು. ಕಟ್‌ತ್ರೋಟ್ ಮೊಟ್ಟೆ ಇಡಲು ತೊರೆಗಳಿಗೆ ಬರುವಾಗ ಹಿಡಿಯುತ್ತಿದ್ದ ಗ್ರಿಜ್ಲಿ ಕರಡಿಗಳು ಆಮೇಲೆ ಎಲ್ಕ್ ಕರುಗಳ ಕಡೆ ತಿರುಗಿದವು. "ಕರಡಿ ಇದೆ, ಬೆಟ್ಟದ ಸಿಂಹ (ಪ್ಯೂಮಾ) ಇದೆ. ಎಲ್ಲ ಲೆಕ್ಕವನ್ನೂ ತೋಳದ ಹೆಸರಿಗೆ ಬರೆಯೋದು ಸರಿಯಲ್ಲ" ಅಂದರು ಅವರು. ನನಗೆ ಆ ಸಂಜೆಯ ಅತಿ ಗಟ್ಟಿ ಮಾತು ಅನಿಸಿದ್ದು ಇದು. ಒಂದು ಸರೋವರದಲ್ಲಿ ಒಬ್ಬ ಮಾಡಿದ ಕೆಲಸ, ಬೆಟ್ಟದ ಮೇಲಿನ ಎಲ್ಕ್ ಕರುವಿನವರೆಗೆ ಬಂದು ಮುಟ್ಟಿದೆ.

"ಇವು ನಮ್ಮ ತೋಳಗಳೇ ಅಲ್ಲ, ಕೆನಡಾದ ದೊಡ್ಡ ಜಾತಿ" ಎಂದು ಔಟ್‌ಫಿಟರ್ ಮತ್ತೆ ವಾದಕ್ಕೆ ಬಂದರು. ಈ ಮಾತು ಅಲ್ಲಿ ಹೋದಲ್ಲೆಲ್ಲ ಕೇಳುತ್ತದೆ. ಯುವಕ ಒಪ್ಪಲಿಲ್ಲ. ಕೆನಡಾದಿಂದ ತಾನಾಗಿಯೇ ನಡೆದು ಬಂದ ತೋಳಗಳು 1986ರಲ್ಲೇ ಮೊಂಟಾನಾದ ಗ್ಲೇಸಿಯರ್ ಉದ್ಯಾನದಲ್ಲಿ ಮರಿ ಹಾಕಿದ್ದವು ಎಂದು ನೆನಪಿಸಿದರು. ತೋಳಕ್ಕೆ ಗಡಿ ಗೊತ್ತಿಲ್ಲ.

ಹಾಗಂತ ಆ ಯುವಕ ತೋಳದ ಬೇಟೆಯೇ ಬೇಡ ಅನ್ನುವವರಲ್ಲ. ಅವರ ಹತ್ತಿರ ತೋಳದ ಲೈಸೆನ್ಸ್ ಕೂಡ ಇತ್ತು. "ಎಲ್ಕ್, ಕರಡಿ, ಬೆಟ್ಟದ ಸಿಂಹಕ್ಕೆ ಇರುವ ಹಾಗೆ ಇದಕ್ಕೂ ಹಂಗಾಮು ಇರಲಿ, ಕೋಟಾ ಇರಲಿ" ಎನ್ನುವುದು ಅವರ ನಿಲುವು. ಶಿಕ್ಷಕಿ ಮಾತ್ರ ಬೇರೆ ಕಡೆ ನಿಂತರು. "ತಿನ್ನದ ಪ್ರಾಣಿಯನ್ನು ನಾನು ಹೊಡೆಯಲ್ಲ. ಅಪ್ಪ ಕಲಿಸಿದ್ದು ಅದು." ಔಟ್‌ಫಿಟರ್ ಕೂಡಲೇ ಕೇಳಿದರು, "ಹಾಗಾದರೆ ದನ ಕಳೆದುಕೊಂಡವನು ಏನು ಮಾಡಬೇಕು?" ಮೊಂಟಾನಾದಲ್ಲಿ ತೋಳ ತಿಂದ ದನಕ್ಕೆ ಪರಿಹಾರ ಕೊಡಲು ಒಂದು ಮಂಡಳಿಯೇ ಇದೆ. ಆದರೆ ತೋಳವೇ ಕೊಂದಿತು ಎಂದು ಸಾಬೀತಾಗಬೇಕು. ದಟ್ಟ ಕಾಡಿನಲ್ಲಿ ಎಷ್ಟೋ ಸಲ ಕರುವಿನ ಮೂಳೆಯೂ ಸಿಗುವುದಿಲ್ಲ.

ಆಗ ಅವರು ನಮ್ಮ ಕಡೆ ತಿರುಗಿ ನಿಮ್ಮಲ್ಲಿ ಹೇಗೆ ಅಂತ ಕೇಳಿದರು. 1972ರ ಕಾನೂನಿನ ಮೇಲೆ ನಮ್ಮಲ್ಲಿ ಬೇಟೆಯೇ ನಿಷಿದ್ಧ ಎಂದೆ. ಗಂಗಾವತಿ ತಾಲೂಕಿನ ಬಂಕಾಪುರದಲ್ಲಿ ಈಗ ತೋಳಗಳಿಗೆಂದೇ ಒಂದು ಧಾಮ ಇದೆ ಎಂದೂ ಹೇಳಿದೆ. ಕುರಿ ಹೋದರೆ ಪರಿಹಾರ ಕೇಳಬಹುದು, ಆದರೆ ಊರಿಂದೂರಿಗೆ ಹಿಂಡು ಹೊಡೆದುಕೊಂಡು ಹೋಗುವ ಕುರಿಗಾಹಿ ಸತ್ತ ಮರಿಯ ಹತ್ತಿರ ಅಧಿಕಾರಿಗೆ ಕಾಯುತ್ತಾ ಕೂರಲಾರ. ಔಟ್‌ಫಿಟರ್ ಮೇಜು ತಟ್ಟಿದರು. "ನಾನು ಹೇಳ್ತಿರೋದೂ ಅದನ್ನೇ!"

ಮರುದಿನ ಬೆಳಕು ಹರಿಯುವ ಮುನ್ನವೇ ಹೊರಟೆವು. 2022ರ ಜೂನ್ ಪ್ರವಾಹದಲ್ಲಿ ಗಾರ್ಡಿನರ್‌ನಿಂದ ಉದ್ಯಾನದ ಒಳಗಿನ ಮ್ಯಾಮತ್‌ಗೆ ಹೋಗುವ ರಸ್ತೆ ಕೊಚ್ಚಿ ಹೋಗಿತ್ತು. ಹಳೆಯ ಕುದುರೆಗಾಡಿಯ ದಾರಿಯನ್ನೇ ಅಗಲ ಮಾಡಿ, ಟಾರು ಹಾಕಿ ಈಗ ಓಡಾಡುತ್ತಾರೆ. ಕಡಿದಾದ ತಿರುವುಗಳು. ಮ್ಯಾಮತ್ ದಾಟಿ ಲಮಾರ್ ಕಣಿವೆ, ಆಚೆ ಕುಕ್ ಸಿಟಿ. ಚಳಿಗಾಲದಲ್ಲಿ ಉದ್ಯಾನದ ಉಳಿದ ರಸ್ತೆಗಳಲ್ಲಿ ಸಾಮಾನ್ಯ ಕಾರು ಬಿಡುವುದಿಲ್ಲ. ಇದೊಂದು ರಸ್ತೆ ವರ್ಷವಿಡೀ ತೆರೆದಿರುತ್ತದೆ. ಹೋಗುವವರು ಹಿಮಕ್ಕೆ ತಕ್ಕ ಟೈರು ಇದೆಯೇ ಅಂತ ನೋಡಿಕೊಳ್ಳಿ.

ರಸ್ತೆ ಬದಿಯಲ್ಲಿ ಆಗಲೇ ಹತ್ತಾರು ಜನ ದೂರದರ್ಶಕ ನಿಲ್ಲಿಸಿಕೊಂಡಿದ್ದರು. ಅವರಲ್ಲೊಬ್ಬರು ನಮ್ಮನ್ನು ಕರೆದು ತಮ್ಮ ದೂರದರ್ಶಕದಲ್ಲಿ ನೋಡಲು ಬಿಟ್ಟರು. ನದಿಯ ಆಚೆ, ಹಿಮದ ಮೇಲೆ ಏಳು ಪ್ರಾಣಿಗಳು. ಕೆಲವು ಬೂದು, ಕೆಲವು ಅಚ್ಚ ಕಪ್ಪು. ನಮ್ಮ ಕಡೆಯ ಒಣಕಲು ಮೈಯ ಕಂದು ತೋಳ ನೋಡಿದ ಕಣ್ಣಿಗೆ ಆ ಕಪ್ಪು ತೋಳ ನಂಬಲಾಗದಂತಿತ್ತು. ಒಂದರ ಕೊರಳಲ್ಲಿ ರೇಡಿಯೋ ಪಟ್ಟಿ. ಸತ್ತ ಎಲ್ಕ್ ಒಂದರ ಸುತ್ತ ಕಾಗೆಗಿಂತ ದೊಡ್ಡ ರೇವನ್ ಹಕ್ಕಿಗಳು ಹಾರುತ್ತಿದ್ದವು. ಮರಿಗಳೆರಡು ಎಲುಬು ಹಿಡಿದು ಎಳೆದಾಡುತ್ತಿದ್ದವು. ಹುಡುಗ ಕಣ್ಣು ತೆಗೆಯಲೇ ಇಲ್ಲ. ನನ್ನ ಬೆರಳು ಮರಗಟ್ಟಿದ್ದವು, ಆದರೂ ಅಲ್ಲಿಂದ ಹೊರಡುವ ಮನಸ್ಸಾಗಲಿಲ್ಲ.

ಅಲ್ಲಿ ನಿಂತವರಿಗೆ ಆ ತೋಳಗಳ ನಂಬರು, ಅಪ್ಪ ಅಮ್ಮ, ಯಾವ ಗುಂಪು ಎಲ್ಲ ಗೊತ್ತು. ಆದರೆ ಅದೇ ತೋಳ ಉದ್ಯಾನದ ಗೆರೆ ದಾಟಿದರೆ ಲೈಸೆನ್ಸ್ ಇರುವ ಯಾರಾದರೂ ಹೊಡೆಯಬಹುದು. 2012ರ ಡಿಸೆಂಬರ್‌ನಲ್ಲಿ ಪಕ್ಕದ ವ್ಯೋಮಿಂಗ್ ರಾಜ್ಯದ ಕಡೆ 832ಎಫ್ ಎಂಬ ಹೆಣ್ಣು ತೋಳ ಹೀಗೇ ಹೋಯಿತು. ಲಮಾರ್‌ನಲ್ಲಿ ಸಾವಿರಾರು ಜನ ಪ್ರೀತಿಯಿಂದ ನೋಡಿದ ತೋಳ ಅದು. ಅದನ್ನು ಹೊಡೆದದ್ದು ಕಾನೂನಿನ ಪ್ರಕಾರ ತಪ್ಪಲ್ಲ. ಜನರಿಗೆ ಅದೇ ನುಂಗಲಾಗದ ಸಂಗತಿ ಆಗಿತ್ತು.

2021ರಲ್ಲಿ ವಿಷಯ ಇನ್ನೂ ಕೆಟ್ಟಿತು. ಮೊಂಟಾನಾ ಶಾಸನಸಭೆ ತೋಳಗಳನ್ನು ಕಡಿಮೆ ಮಾಡಲೇಬೇಕು ಎಂದು ಕಾನೂನು ಮಾಡಿತು. ಉರುಳು ಹಾಕಬಹುದು, ಖಾಸಗಿ ಜಮೀನಿನಲ್ಲಿ ರಾತ್ರಿ ಬೇಟೆಯಾಡಬಹುದು, ಬೇಟೆ, ಬಲೆ ಎರಡೂ ಸೇರಿ ಒಬ್ಬರೇ 20 ತೋಳದವರೆಗೆ ಕೊಲ್ಲಬಹುದು ಎಂದಾಯಿತು. ಉದ್ಯಾನದ ಉತ್ತರ ಗಡಿಯ ಎರಡು ವಲಯಗಳಲ್ಲಿ ಅಲ್ಲಿಯವರೆಗೆ ಒಂದೊಂದೇ ತೋಳದ ಕೋಟಾ ಇತ್ತು. ಅದನ್ನೂ ತೆಗೆದರು. ಆ ಚಳಿಗಾಲದಲ್ಲಿ ಉದ್ಯಾನದಲ್ಲಿ ಬಾಳುತ್ತಿದ್ದ 25 ತೋಳಗಳು ಗಡಿಯ ಹೊರಗೆ ಸತ್ತವು. ಹೆಚ್ಚುಕಡಿಮೆ ಐದರಲ್ಲಿ ಒಂದು. ಮರುವರ್ಷ ರಾಜ್ಯದ ವನ್ಯಜೀವಿ ಕಮಿಷನ್ ಅಲ್ಲಿ ಮತ್ತೆ 6ರ ಮಿತಿ ತಂದಿತು.

ಸಂಜೆ ಮತ್ತೆ ಆ ಮೂವರು ಸಿಕ್ಕರು. ಈ 25ರ ವಿಷಯ ಎತ್ತಿದೆ. ವಾದ ಜೋರಾಗುತ್ತದೆ ಅಂದುಕೊಂಡಿದ್ದೆ. ಔಟ್‌ಫಿಟರ್ ಹೇಳಿದ್ದು ಕೇಳಿ ಆಶ್ಚರ್ಯವಾಯಿತು. "ಕೋಟಾ ತೆಗೆಯಿರಿ ಅಂತ ನಾನು ಕೇಳಿರಲಿಲ್ಲ. ಚಳಿಗಾಲದಲ್ಲಿ ನನ್ನ ನೆಂಟರ ಲಾಡ್ಜು ನಡೆಯೋದೇ ತೋಳ ನೋಡೋಕೆ ಬರುವವರಿಂದ. ಎಷ್ಟು ಹೊಡೆಯಬೇಕು ಅನ್ನೋದನ್ನ ಎಣಿಸುವವರು ಹೇಳಬೇಕು, ಓಟು ಕೇಳುವವರಲ್ಲ." ಯುವಕ ಕೊಲರಾಡೋ ರಾಜ್ಯದ ಮಾತು ತೆಗೆದರು. ಅಲ್ಲಿ 2020ರಲ್ಲಿ ತೋಳ ತರಬೇಕೋ ಬೇಡವೋ ಎಂದು ಜನರ ಮತಕ್ಕೇ ಹಾಕಿದರು. ಕೂದಲೆಳೆಯಲ್ಲಿ ಗೆದ್ದಿತು. ಹೌದು ಎಂದವರಲ್ಲಿ ಬಹುಪಾಲು ನಗರದವರು, ತೋಳ ಬರುವುದು ಮಾತ್ರ ಪಶ್ಚಿಮದ ಬೆಟ್ಟದವರ ಅಂಗಳಕ್ಕೆ. 2023ರ ಡಿಸೆಂಬರ್‌ನಲ್ಲಿ ಒರೆಗಾನ್‌ನಿಂದ 10 ತೋಳ ತಂದು ಬಿಟ್ಟರು. ಅಲ್ಲಿನ ಬೇಟೆಗಾರರ ಸಿಟ್ಟು ಇನ್ನೂ ಇಳಿದಿಲ್ಲವಂತೆ.

ನನಗೆ ಇಲ್ಲೇ ವಿಷಯ ಸ್ಪಷ್ಟವಾಯಿತು. ಮೊಂಟಾನಾದಲ್ಲಿ ಶಾಸಕರು ತೋಳದ ವಿರುದ್ಧ, ಕೊಲರಾಡೋದಲ್ಲಿ ನಗರದ ಮತದಾರರು ತೋಳದ ಪರವಾಗಿ. ಎರಡೂ ಕಡೆ, ವರ್ಷವಿಡೀ ಬೆಟ್ಟ ಹತ್ತಿ ಲೆಕ್ಕ ಇಡುವವರ ಕೈಯಿಂದ ನಿರ್ಧಾರ ಜಾರಿ ಹೋಯಿತು. ತೋಳಗಳು ಬಂದದ್ದು ಒಳ್ಳೆಯದೇ ಆಯಿತು ಎಂದು ಲಮಾರ್ ನೋಡಿದ ಮೇಲೆ ನಾನು ಗಟ್ಟಿಯಾಗಿ ಹೇಳಬಲ್ಲೆ. ಬೇಟೆಗಾರರನ್ನು ದೂರ ಇಟ್ಟು ಅವು ಉಳಿಯುವುದಿಲ್ಲ ಎಂದೂ ಅಷ್ಟೇ ಗಟ್ಟಿಯಾಗಿ ಹೇಳುತ್ತೇನೆ. 1937ರ ಕಾನೂನಿನ ಪ್ರಕಾರ ರೈಫಲ್, ಮದ್ದುಗುಂಡಿನ ಮೇಲೆ ಹಾಕುವ 11% ತೆರಿಗೆ ವನ್ಯಜೀವಿ ಕೆಲಸಕ್ಕೇ ಹೋಗುತ್ತದೆ. ಲೈಸೆನ್ಸ್ ಹಣವೂ ಹಾಗೆಯೇ. ದುಡ್ಡು ಕೊಡುವವರು, ಕಾಡು ಬಲ್ಲವರು, ಅವರ ಮಾತು ಬೇಕೇ ಬೇಕು. ಆದರೆ ಉದ್ಯಾನದ ಗೆರೆಯ ಪಕ್ಕ ಕೋಟಾ ಇಲ್ಲದ ಬೇಟೆಗೆ ನನ್ನ ಒಪ್ಪಿಗೆ ಇಲ್ಲ. ಮನುಷ್ಯರನ್ನು ನೋಡಿ ಓಡದ ತೋಳವನ್ನು ಗೆರೆ ದಾಟಿದ ಕ್ಷಣ ಹೊಡೆಯುವುದರಲ್ಲಿ ಬೇಟೆಯ ಕಸುಬು ಏನೂ ಇಲ್ಲ. ಇದನ್ನು ಆ ಮೇಜಿನಲ್ಲೂ ಹೇಳಿದೆ. ಯುವಕ ಹೌದೆಂದರು. ಔಟ್‌ಫಿಟರ್ ಸುಮ್ಮನೆ ಕೇಳಿಸಿಕೊಂಡರು.

ಆಗಸ್ಟ್‌ನಲ್ಲಿ ರಾಜಧಾನಿ ಹೆಲೆನಾದಲ್ಲಿ ಕಮಿಷನ್ ಸಭೆ ಸೇರಿ ಮುಂದಿನ ಹಂಗಾಮಿನ ತೋಳದ ನಿಯಮ ತೀರ್ಮಾನಿಸುತ್ತದೆ. ಗಡಿ ವಲಯದ ಸಂಖ್ಯೆ ಇನ್ನೂ ಇಳಿಸಿ ಎಂದು ಕೇಳಲು ಶಿಕ್ಷಕಿ ಹೋಗುತ್ತಾರಂತೆ. ಆರು ಇರಲಿ, ಅದಕ್ಕಿಂತ ಕಡಿಮೆ ಬೇಡ ಎಂದು ಹೇಳಲು ಔಟ್‌ಫಿಟರ್ ಕೂಡ ಹೋಗುತ್ತಾರಂತೆ. "ನಾನೂ ಮಾತಾಡಬಹುದಾ?" ಎಂದು ನಮ್ಮ ಹುಡುಗ ಕೇಳಿದ. ಯಾರು ಬೇಕಾದರೂ ಮಾತಾಡಬಹುದು, ಹೆಸರು ಮೊದಲೇ ಬರೆಸಬೇಕು ಅಷ್ಟೇ, ಎಂದರು ಶಿಕ್ಷಕಿ. ಅವನು ಫೋನ್ ತೆಗೆದು ಅವರ ನಂಬರ್ ಬರೆದುಕೊಂಡ.