ಮಾತಿನಿಂದ ಹಾಡಿಗೆ: ನಮ್ಮ ದ್ರೌಪದಿಯ ತಾಲೀಮು ಎಲ್ಲಿಗೆ ಬಂತು

ಆರಿದ್ರಾ ಮಳೆ, ಜೂನ್ ಕೊನೆ

ಶಿವಮೊಗ್ಗದ ನಮ್ಮ ಹವ್ಯಾಸಿ ತಂಡ ಈ ಸಲ ಹಳೆಯ ವೃತ್ತಿನಾಟಕ ಕಂಪನಿಗಳ ಶೈಲಿಯ ಪೌರಾಣಿಕ ನಾಟಕ ಕೈಗೆತ್ತಿಕೊಂಡಿದೆ. ದ್ರೌಪದಿಗೆ ಆರು ರಂಗಗೀತೆ. ಪಾತ್ರ ಮಾಡುವ ಹುಡುಗಿ ಕರ್ನಾಟಕ ಸಂಗೀತದ ಜೂನಿಯರ್ ಪರೀಕ್ಷೆ ಮುಗಿಸಿದವಳು. ರಂಗದ ಮೇಲೆ ನಟಿಸುತ್ತಾ ಹಾಡುವುದು ಹೊಸತು. ಶ್ರುತಿ ಶುದ್ಧ, ತಾಳ ಗಟ್ಟಿ. ಬಿಡಿಸಬೇಕಾದ್ದು ಸಂಗೀತ ಕಛೇರಿಯ ಅಭ್ಯಾಸಗಳನ್ನು. ತೊಡೆ ತಟ್ಟುವುದು, ಕಣ್ಣು ಮುಚ್ಚುವುದು, ಪಲ್ಲವಿಗೆ ಮುಂಚೆ ಹಾರ್ಮೋನಿಯಂ ಕಡೆ ನೋಡುವುದು. ಮೂರನೆಯದೇ ಎಲ್ಲಕ್ಕಿಂತ ಕೆಟ್ಟದ್ದು. ಆ ಒಂದು ನೋಟಕ್ಕೆ ದ್ರೌಪದಿ ಹೊರಟುಹೋಗಿ ಗಾಯಕಿ ಮಾತ್ರ ಉಳಿಯುತ್ತಾಳೆ.

ಮೊದಲು ಶ್ರುತಿ ತೀರ್ಮಾನ. ಪಾಠದಲ್ಲಿ ಅವಳದು ಐದೂವರೆ ಮನೆ (ಮನೆ ಎಂದರೆ ಹಾರ್ಮೋನಿಯಂನ ಕೀಲಿ; ಶ್ರುತಿಯ ಎತ್ತರ ಹೇಳುವುದು ಅದರ ಲೆಕ್ಕದಲ್ಲಿ). ರಂಗಗೀತೆಗೆ ಶ್ರುತಿ ಆರಿಸಬೇಕಾದ್ದು ಹಾಡುವ ದನಿಯಿಂದಲ್ಲ, ಮಾತಾಡುವ ದನಿಯಿಂದ ಎಂಬುದು ನಮ್ಮ ಖಚಿತ ಅಭಿಪ್ರಾಯ. ಸಭಾ ದೃಶ್ಯದಲ್ಲಿ ಸಿಟ್ಟಿನ ಮಾತಿನ ಕೊನೆಯ ಸಾಲು ಟ್ಯೂನರ್ ಆ್ಯಪ್‌ನಲ್ಲಿ 280 ಹರ್ಟ್ಸ್ ಆಸುಪಾಸು ತೋರಿಸುತ್ತದೆ. ಹಾಡು ಎತ್ತುವುದು ಪಂಚಮದಲ್ಲಿ. ಐದೂವರೆಯಲ್ಲಿ ಪಂಚಮ 311 ಹರ್ಟ್ಸ್, ಹಾಗಾಗಿ ಮಾತು ಮುಗಿದಲ್ಲಿ ದನಿ ಮೇಲಕ್ಕೆ ಜಿಗಿಯಬೇಕು. ನಾಲ್ಕೂವರೆಗೆ ಇಳಿಸಿದರೆ ಪಂಚಮ 277ಕ್ಕೆ ಬರುತ್ತದೆ; ಮಾತು ತಾನಾಗಿಯೇ ಹಾಡಾಗುತ್ತದೆ. ಮೈಕ್ ಇಲ್ಲದ ಕಾಲದ ಕಂಪನಿಗಳಿಗೆ ಕೊನೆಯ ಸಾಲಿನವರೆಗೂ ದನಿ ಮುಟ್ಟಿಸಲು ಎತ್ತರದ ಶ್ರುತಿ ಬೇಕಿತ್ತು. ನಮಗೆ ಆ ಒತ್ತಾಯವಿಲ್ಲ.

ಇಳಿಸಿದ್ದಕ್ಕೆ ತೆರಬೇಕಾದ್ದೂ ಇದೆ. ನಾಲ್ಕನೆಯ ಹಾಡು ಮಂದ್ರ ಪಂಚಮಕ್ಕೆ, ಕೆಳಗಿನ ಸ್ಥಾಯಿಯ ಪಂಚಮಕ್ಕೆ, ಇಳಿಯುತ್ತದೆ, ಅಂದರೆ ಸುಮಾರು 139 ಹರ್ಟ್ಸ್. ಅಲ್ಲಿ ಈ ದನಿಗೆ ಬರೀ ಗಾಳಿ. ಮಂದ್ರ ನಿಷಾದಕ್ಕೇ ನಿಲ್ಲುವಂತೆ ಮಟ್ಟು ತಿದ್ದಿದ್ದೇವೆ.

ನೋಟದ ಸಮಸ್ಯೆಗೆ ಮದ್ದು: ಮಾತಿನ ಕೊನೆಯ ಸಾಲಿಗೆ ಒಂದು ಸಾಲು ಮುಂಚೆಯೇ ಹಾರ್ಮೋನಿಯಂ ಮೇಷ್ಟ್ರು ಪಂಚಮವನ್ನು ತೆಳ್ಳಗೆ ಹಿಡಿಯುತ್ತಾರೆ. ಷಡ್ಜವಲ್ಲ, ಹಾಡು ಎಲ್ಲಿಂದ ಏಳುತ್ತದೋ ಆ ಸ್ವರ. ಜೋರಾಗಿ ಹಿಡಿದರೆ ಹಾಡು ಬರುತ್ತಿದೆಯೆಂದು ಸಭಿಕರಿಗೂ ಗೊತ್ತಾಗುತ್ತದೆ.

ಪುನರ್ವಸು, ಪುಷ್ಯ, ಜುಲೈ

ಉಸಿರಿಗೆ ಗಮಕದ, ಅಂದರೆ ಕಾವ್ಯವನ್ನು ರಾಗವಾಗಿ ಓದುವ ಕಲೆಯ, ದಾರಿ ಹಿಡಿದಿದ್ದೇವೆ. ಮತ್ತೂರು, ಹೊಸಹಳ್ಳಿ ಪಕ್ಕದಲ್ಲೇ ಇರುವಾಗ ಬೇರೆ ಕಡೆ ಹುಡುಕುವುದೇಕೆ. 2022ರಲ್ಲಿ ಪದ್ಮಶ್ರೀ ಪಡೆದ ಗಮಕಿ ಎಚ್. ಆರ್. ಕೇಶವಮೂರ್ತಿಯವರ ಊರು ಹೊಸಹಳ್ಳಿ. ಭಾಮಿನಿ ಷಟ್ಪದಿಯ ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಿಗೆ 14 ಮಾತ್ರೆ, ಮೂರು ಮತ್ತು ಆರಕ್ಕೆ 23. ನಿಮಿಷಕ್ಕೆ 120 ಮಾತ್ರೆಯ ನಡೆಯಲ್ಲಿ ಸಣ್ಣ ಸಾಲು 7 ಸೆಕೆಂಡು, ಉದ್ದದ್ದು ಹನ್ನೊಂದೂವರೆ. ಸಣ್ಣ ಸಾಲಿಗೊಂದು ಉಸಿರು, ಉದ್ದದ್ದಕ್ಕೂ ಒಂದೇ ಉಸಿರು. ಮೊದಲು ನಿಂತು, ಆಮೇಲೆ ನಡೆಯುತ್ತಾ, ಕೊನೆಗೆ ಮಂಡಿಯೂರಿ. ಮಂಡಿಯಿಂದ ಏಳುವಾಗ ಹೊಟ್ಟೆ ಬಿಗಿದು ಸ್ವರ ಅಲುಗುತ್ತದೆ, ಆದ್ದರಿಂದ ಏಳುವುದನ್ನು ಹಾರ್ಮೋನಿಯಂ ತುಂಬುವ ಆವರ್ತಕ್ಕೆ ಸರಿಸಿದ್ದೇವೆ.

ಸಾಹಿತ್ಯ ಒಡೆಯುವುದು ಇನ್ನೊಂದು ತೊಡಕು. ‘ಸಭೆಯೊಳಗೆ’ ಎಂಬುದು ಕಾರ್ವೆಗೆ (ಸ್ವರದ ಎಳೆತಕ್ಕೆ) ಸಿಕ್ಕಿ ‘ಸಭೆಯೊ… ಳಗೆ’ ಆಗುತ್ತದೆ. ಸಾಲನ್ನು ಮೊದಲು ತಾಳಕ್ಕೆ ಬರೀ ಮಾತಾಗಿ, ಬಳಿಕ ಒಂದೇ ಸ್ವರದಲ್ಲಿ, ಆಮೇಲಷ್ಟೇ ಮಟ್ಟಿನಲ್ಲಿ ಹೇಳಿಸುತ್ತಿದ್ದೇವೆ. ಬಿ. ಜಯಶ್ರೀಯವರ ಹಾಡುಗಳನ್ನು ಕೇಳಲು ಕೊಟ್ಟಿದ್ದೂ ಇದಕ್ಕೇ. ಅಜ್ಜ ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಬಾಲನಟಿಯಾಗಿ ಶುರುಮಾಡಿ, ಆಮೇಲೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತವರು. ಅವರ ಹಾಡಿನಲ್ಲಿ ಒಂದಕ್ಷರವೂ ಕಿವಿ ತಪ್ಪುವುದಿಲ್ಲ.

ಹಾಡಿನ ತಾಲೀಮು ಈಗ ಮೊದಲು, ಕೂಗಾಟದ ದೃಶ್ಯಗಳು ಕೊನೆಗೆ. ತಿರುವುಮುರುವಾದರೆ ಗಂಟಲು ಊದಿಕೊಂಡು ತಾರದ ಗಾಂಧಾರವೇ ಹತ್ತುವುದಿಲ್ಲ.

ಆಶ್ಲೇಷ, ಆಗಸ್ಟ್

ತೇವ ವಾದ್ಯಗಳಿಗೆ ಇಳಿದಿದೆ. ಹಾರ್ಮೋನಿಯಂನ ಮನೆಗಳು ಉಬ್ಬಿ, ಒತ್ತಿದ್ದು ಮೇಲೇಳದೆ ಒಂದು ಸ್ವರ ಕೂಗುತ್ತಲೇ ಇರುತ್ತದೆ. ಉಜ್ಜುಕಾಗದ ಹಾಕಲೇಬಾರದು; ಬೇಸಿಗೆಯಲ್ಲಿ ಮರ ಕುಗ್ಗಿದಾಗ ಮನೆಗಳು ಲೊಡಲೊಡ ಅಲ್ಲಾಡುತ್ತವೆ. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಮುಚ್ಚಿಡುವುದೇ ಸರಿ.

ತಬಲಾ ಇನ್ನೂ ಸೂಕ್ಷ್ಮ. ಚರ್ಮ ಸಡಿಲವಾಗಿ ಷಡ್ಜ ಇಳಿಯುತ್ತದೆ, ಹುಡುಗಿಯ ಕಿವಿ ಒಳ್ಳೆಯದಾದ್ದರಿಂದಲೇ ಅವಳೂ ಅದರ ಜೊತೆ ಇಳಿಯುತ್ತಾಳೆ. ಪ್ರತಿ ದೃಶ್ಯದ ನಡುವೆ ಶ್ರುತಿ ಪೆಟ್ಟಿಗೆಗೆ ಹೋಲಿಸಿ ನೋಡಬೇಕು. ಹೇರ್ ಡ್ರೈಯರ್ ಹಿಡಿಯುವುದಾದರೆ ಒಂದಡಿ ದೂರದಿಂದ. ಹತ್ತಿರ ಹಿಡಿದರೆ ಚರ್ಮದ ಮೇಲಿನ ಕಪ್ಪು ಲೇಪ, ಕರಣೆ, ಬಿರಿಯುತ್ತದೆ.

ಲಿಪ್ ಮೈಕ್ ಕಟ್ಟಿ ನೋಡಿದ್ದಾಯಿತು. ಬಾಯಿಯ ನೇರಕ್ಕಿದ್ದರೆ ‘ಭೀಮ’, ‘ಫಲ್ಗುಣ’ ಎಂದಾಗಲೆಲ್ಲ ಮಹಾಪ್ರಾಣದ ಗಾಳಿ ಬಡಿಯುತ್ತದೆ. ತುಟಿಯ ಅಂಚಿನಿಂದ ಎರಡು ಬೆರಳು ಆಚೆ, ಕೆನ್ನೆಗೆ ಅಂಟಿಸಿದರೆ ಶುದ್ಧ. ಬಿಚ್ಚಿದ ಕೂದಲು ತಾಗದಂತೆ ಎಡಗಡೆ ಕಟ್ಟುತ್ತಿದ್ದೇವೆ, ಏಕೆಂದರೆ ಮುಡಿ ಬಲಕ್ಕೆ ಬೀಳುತ್ತದೆ.

ಬಾಕಿ: ಐದನೆಯ ಹಾಡಿನ ಎರಡನೇ ಚರಣ. ಕುಣಿತದ ನಡುವೆ ಎತ್ತುಗಡೆ, ತಾಳದಲ್ಲಿ ಹಾಡು ಎತ್ತುವ ಜಾಗ, ಅರ್ಧ ಮಾತ್ರೆ ಮುಂದಾಗುತ್ತಿದೆ. ಹೆಜ್ಜೆ ತೆಗೆದು ಬರೀ ತಾಳಕ್ಕೆ ಕೂರಿಸಿ, ಮಘೆ ಮಳೆ ಹೊತ್ತಿಗೆ ಮತ್ತೆ ಹೆಜ್ಜೆ ಸೇರಿಸುತ್ತೇವೆ.